ಬೇನೆ

ಬಿಪಿ ನೋಡ್ತಾರೆ ಅಂತ ಹತ್ತಿದ್ದು ಆ ಮೆಟ್ಟಿಲು.
ಅದು ಎಡಗಡೆ ಬಾಗಿಲಂತೆ. ನಾನು ಬಲಕ್ಕೆ ಹೊರಳಿದೆ.
ಒಳಗೆ ಒಂಬತ್ತು ಜನ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು
ಒಟ್ಟಿಗೇ ಬಾಯಿ ತೆರೆದು ಕೇಳಿದರು:
ಕೋಮೆ ಸ್ತಾಯ್?
ಹೇಗಿದ್ದೀ ಅಂತ ಅರ್ಥವಂತೆ, ಆಮೇಲೆ ಗೊತ್ತಾದದ್ದು.
ಮೂಲೆಯಿಂದ ಒಬ್ಬ ಹೇಳಿದ:
ಬೇನೆ.

ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ
ಆ ಮಾತು ಕಿವಿಗೆ ಬಿದ್ದದ್ದೇ ತಡ
ಕೈ ತಾನಾಗಿ ಸೋಪು ಹುಡುಕುತ್ತಿತ್ತು.
ಅವತ್ತೂ ಹುಡುಕಿತು.
“ಯಾರಿಗ್ರೀ ಬೇನೆ? ಶುರುವಾಗಿ ಎಷ್ಟೊತ್ತಾತು?”
ಕೋಣೆ ಕೋಣೆಯೇ ನಕ್ಕಿತು.
ಅವರ ಭಾಷೆಯಲ್ಲಿ ಬೇನೆ ಅಂದರೆ
ಚೆನ್ನಾಗಿದ್ದೇನೆ.

ಹೀಗೆ ಸೇರಿದೆ ನಾನು,
ದಾವಣಗೆರೆಯ ಮುಚ್ಚಿದ ಹತ್ತಿಗಿರಣಿಯ ಬೆನ್ನಿಗೆ
ಆತುಕೊಂಡ ಸಮುದಾಯ ಭವನದಲ್ಲಿ
ಮಂಗಳವಾರ, ಶುಕ್ರವಾರ, ಸಂಜೆ ಐದೂವರೆಗೆ
ಇಟಲಿ ಪಾಠಕ್ಕೆ.

ಫಿಟ್ಟರ್ ಹಾಲೇಶಪ್ಪ ನನ್ನ ಪಕ್ಕದ ಕುರ್ಚಿ.
ಇಪ್ಪತ್ತು ವರ್ಷ ಆತ ಎಳೆದ ಮಗ್ಗದ ಹಿಡಿಕೆಯ ಮೇಲೆ
‘ಅವಂತಿ’ ಅಂತ ಕೊರೆದಿತ್ತಂತೆ.
ಮಾಲೀಕರ ಮಗಳ ಹೆಸರಿರಬೇಕೆಂದು
ಬೈಯುವಾಗಲೂ ಮರ್ಯಾದೆ ಕೊಟ್ಟೇ ಬೈದವನು.
ಮೂರನೇ ಪಾಠದ ದಿನ ತಿಳಿಯಿತು:
ಅವಂತಿ ಅಂದರೆ ಮುಂದಕ್ಕೆ.
ಕಿಟಕಿಯಾಚೆ ಗಿರಣಿಯ ಚಿಮಣಿ ನೋಡಿದ.
ಏನೂ ಅನ್ನಲಿಲ್ಲ.

ಮಂಡಕ್ಕಿ ಭಟ್ಟಿಯ ಮೆಹರುನ್ನೀಸಾ
ಹುಬ್ಬಿನಲ್ಲಿ ಇನ್ನೂ ಬೂದಿ ಇಟ್ಟುಕೊಂಡೇ ಬರುತ್ತಾಳೆ.
ತುತ್ತೊ ಅಂದರೆ ಎಲ್ಲ, ಇರುವುದೆಲ್ಲ,
ಅಂತ ಹಲಗೆಯ ಮೇಲೆ ಬರೆದಾಗ
“ಅದನ್ನೇನ್ ಕಲಿಸ್ತೀರಿ ಮಿಸ್, ನಮ್ಮಲ್ಲೂ ಅಷ್ಟೆ” ಅಂದಳು.

ಅವರ ಮಾತೂ ನಮ್ಮದರ ಹಾಗೇ
ಬಾಯಿ ತೆರೆದೇ ಮುಗಿಯುತ್ತದೆ.
ಬಸ್ಸಿಗೂ ಪೆನ್ನಿಗೂ ಬಾಲ ಅಂಟಿಸಿದವರು ನಾವು,
ತುಟಿ ಕಚ್ಚಿ ನಿಲ್ಲಿಸಿ ಗೊತ್ತಿಲ್ಲ.
ಒತ್ತಕ್ಷರ ಅಂತೂ ಧಾರಾಳ.
ಮಮ್ಮ, ನೊನ್ನ:
ನಾಲಿಗೆಗೆ ಹೊಸ ಚಪ್ಪಲಿ ಕಚ್ಚಲಿಲ್ಲ.

ಒಂದು ಶನಿವಾರ ಪಂಚೆ ಕಟ್ಟಿ ಸಿನಿಮಾ ತೋರಿಸಿದರು.
ನಡುವೆ ಕರೆಂಟು ಹೋಯಿತು.
ಬೈಗುಳ ಮಾತ್ರ ಎಲ್ಲರಿಗೂ ಅರ್ಥವಾಗಿತ್ತು.
ಇನ್ನೊಂದು ದಿನ ಟೊಮ್ಯಾಟೊದಲ್ಲಿ ಮುಳುಗಿದ ಉದ್ದ ಶಾವಿಗೆ.
ಒಗ್ಗರಣೆ ಇಲ್ಲವಲ್ಲ ಅಂತ ಹಾಲೇಶಪ್ಪ
ಜೇಬಿನಿಂದ ಖಾರ ಮಂಡಕ್ಕಿ ತೆಗೆದು ಉದುರಿಸಿದ.

ಕಲಿಸುವವಳು ಫಿಲೋಮಿನಾ.
ಹನ್ನೆರಡು ವರ್ಷ ಬೆರ್ಗಾಮೊ ಅನ್ನುವ ಊರಲ್ಲಿ
ಮುದುಕರ ಬೆನ್ನು ಉಜ್ಜಿ, ಉಗುರು ಕತ್ತರಿಸಿ
ಆ ಭಾಷೆ ಕಲಿತವಳು. ಪುಸ್ತಕದಿಂದಲ್ಲ.
ಒಮ್ಮೆ ಎಲ್ಲರೂ ಹೋದ ಮೇಲೆ
ಕುರ್ಚಿ ಒಂದರೊಳಗೊಂದು ಪೇರಿಸುತ್ತಾ ಅಂದಳು:
“ನೀವು ಬರೋರನ್ನ ಹಿಡಕಂಡ್ರಿ ಕೊಟ್ರಮ್ಮಾರೆ,
ನಾನು ಹೋಗೋರನ್ನ.”

ಒಬ್ಬ ಅಜ್ಜನಂತೆ, ಗಡಿಯಾರ ರಿಪೇರಿಯವನು.
ಬೆನ್ನ ತುಂಬ ಹಾಸಿಗೆ ಹುಣ್ಣು.
ದಿನಾ ಬೆಳಿಗ್ಗೆ ಇವಳು ಕೋಮೆ ಸ್ತಾಯ್ ಅನ್ನಬೇಕು,
ಅವನು ಬೇನೆ ಅನ್ನಬೇಕು.
ಕೊನೆಯ ದಿನವೂ ಅಂದ.
ನೀರು ಬದಲಿಸಿ ತರುವಷ್ಟರಲ್ಲಿ ಇರಲಿಲ್ಲ.
“ಸುಳ್ಳು ಹೇಳಿ ಹೋದ ಕಣ್ರೀ” ಅಂದಳು,
ನಗಲು ಹೋಗಿ ಆಗದೆ.

ಕುರ್ಚಿ ಕೈಯಲ್ಲೇ ಇತ್ತು ನನಗೆ.
“ಸುಳ್ಳ್ಯಾಕೆ ಅಂತೀಯವ್ವಾ.
ನಮ್ಮ ಭಾಷೇಲಿ ಹೇಳಿರ್ತಾನೆ.”

ಅವಳು ದೀಪ ಆರಿಸಿದಳು, ನಾನು ಚಿಲಕ ಹಾಕಿದೆ.
ಇಳಿಯುವಾಗ ಮೊಣಕಾಲು ಚುಳುಕ್ಕೆಂದಿತು.
ಅದಕ್ಕೂ ಆ ಭಾಷೆಯಲ್ಲೊಂದು ಹೆಸರಿದೆ, ಉದ್ದನೆಯದು,
ಹೋದ ಮಂಗಳವಾರವಷ್ಟೇ ಬರೆದುಕೊಂಡಿದ್ದೆ.
ಎಂಟು ಮೆಟ್ಟಿಲು ಇಳಿದರೂ ನೆನಪಾಗಲಿಲ್ಲ.
ಬಿಪಿ ಇವತ್ತಿಗೂ ನೋಡಿಸಿಲ್ಲ.